ಉಪ್ಪು ಲಿಂಬೆ ಮಾತ್ರ ಬಡಿಸಿದ ತಟ್ಟೆ

ನಮ್ಮ ಎದುರು ಫ್ಲಾಟಿನ ಅಮೆರಿಕನ್ ದೊರೆಯ ತಲೆಯಲ್ಲಿ ಒಂದು ನಟ್ಟು ಸಡಿಲ ಎಂಬ ತೀರ್ಮಾನಕ್ಕೆ ನಾನು ಬಂದದ್ದು ಅವರನ್ನು ಕಂಡ ಮೊದಲ ಸಂಜೆಯೇ. ನೀವಾಗಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದಿರಿ, ಬೇಕಾದರೆ ಪಂಥ! ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್, ಇಪ್ಪತ್ತಮೂರನೇ ಮಹಡಿ. ನನ್ನ ಎರಡು ಕೈಯಲ್ಲೂ ತರಕಾರಿ ಚೀಲ, ಕಂಕುಳಲ್ಲಿ ಮಗಳ ಶಾಲೆಯ ಚಾರ್ಟ್ ಪೇಪರು. ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಕಾರಿಡಾರಿನಲ್ಲಿ ಒಂದು ಮರದ ತೂಗುಕುರ್ಚಿ! ಅದರಲ್ಲಿ ಅರವತ್ತರ ಹತ್ತಿರದ ಒಬ್ಬ ಬಿಳಿಯ ಮನುಷ್ಯ, ತಲೆಗೆ ಟೋಪಿ, ಕೈಯಲ್ಲಿ ಉದ್ದ ಲೋಟದ ಚಹಾ, ಚಹಾದಲ್ಲಿ ಐಸು. ಚಹಾಕ್ಕೆ ಐಸು ಹಾಕಿ ಕುಡಿಯುವವರ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಳ್ಳುವುದು ಹೇಗೆ, ನೀವೇ ಹೇಳಿ. ನನ್ನನ್ನು ಕಂಡದ್ದೇ ಅವರು ಎದ್ದು ನೆಟ್ಟಗೆ ನಿಂತರು, ಟೋಪಿ ತೆಗೆದು ಎದೆಗೆ ಹಿಡಿದರು, "ಗುಡ್ ಈವ್ನಿಂಗ್, ಮ್ಯಾಮ್" ಅಂದರು. ನಾನು ಹಿಂದೆ ತಿರುಗಿ ನೋಡಿದೆ. ಲಿಫ್ಟಿನಲ್ಲಿ ಬೇರೆ ಯಾವ ಮ್ಯಾಮೂ ಇರಲಿಲ್ಲ.

ದೊರೆ ಎಂಬ ಹೆಸರು ಇಟ್ಟದ್ದು ನಮ್ಮವರು. ನಿಜವಾದ ಹೆಸರು ಹಿಡಿದು ಮಾತಾಡಿಕೊಂಡರೆ ಎದುರು ಬಾಗಿಲಿಗೆ ಕೇಳಿಸೀತು ಎಂಬ ಭಯ. ಅವರ ಇಂಗ್ಲಿಷನ್ನೂ ನಮ್ಮ ಮನೆಯ ತುಳುವನ್ನೂ ಇಲ್ಲಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ, ಸ್ವಲ್ಪ ಸುಧಾರಿಸಿಕೊಳ್ಳಿ.

ಸಂಜೆ ಆರು ಗಂಟೆಗೆ ಮನೆಯ ಮುಂದೆ ಕೂತು, ಹೋಗುವವರನ್ನೂ ಬರುವವರನ್ನೂ ಮಾತಾಡಿಸುವುದು ದೊರೆಯ ಊರಿನ ಪದ್ಧತಿಯಂತೆ. ಅವರ ಅಪ್ಪ ಕೂರುತ್ತಿದ್ದರು, ಅಜ್ಜ ಕೂರುತ್ತಿದ್ದರು, ಹಾಗಾಗಿ ಇವರೂ ಕೂರಲೇಬೇಕು. ಆದರೆ ಇಪ್ಪತ್ತಮೂರನೇ ಮಹಡಿಯಲ್ಲಿ ಹೋಗುವವರು ಬರುವವರು ಎಂದರೆ ಯಾರು? ಪಿಜ್ಜಾ ತರುವವನು, ಲಾಂಡ್ರಿಯವನು, ಮತ್ತೆ ನಾವು ನಾಲ್ಕು ಮನೆಯವರು. ಅದರಲ್ಲಿ ಎರಡು ಮನೆಯವರು ಊರಲ್ಲಿ ಜಗಲಿಯ ಮೇಲೆ ಹುಟ್ಟಿ ಜಗಲಿಯ ಮೇಲೆಯೇ ಬೆಳೆದ ಉಡುಪಿ ಕಡೆಯವರು. ಇಲ್ಲಿ ಲಿಫ್ಟಿನಿಂದ ಇಳಿದದ್ದೇ ಒಳಗೆ ಓಡಿ ಎರಡು ಬೀಗ, ಒಂದು ಚಿಲಕ ಹಾಕಿಕೊಳ್ಳುತ್ತೇವೆ. ಜಗಲಿ ಹಿಡಿದು ಕೂತದ್ದು ಅಮೆರಿಕದವರು!

ಕೆಳಗಿನಿಂದ ಸೆಕ್ಯುರಿಟಿಯವನು ಬಂದು, "ಸರ್, ಇದು ಫೈರ್ ಎಕ್ಸಿಟ್ ದಾರಿ. ಕುರ್ಸಿ ಮಾಫಿ!" ಎಂದು ಅರಬ್ಬಿಯನ್ನೂ ಹಿಂದಿಯನ್ನೂ ಸೇರಿಸಿ ಹೇಳಿದ, ಅಂದರೆ ಕುರ್ಚಿ ಇಡುವ ಹಾಗಿಲ್ಲ. ದೊರೆ ಜಗಳ ಮಾಡಲಿಲ್ಲ. ಆರಕ್ಕೆ ಕುರ್ಚಿ ಹೊತ್ತು ಹೊರಗೆ ತರುವುದು, ಏಳಕ್ಕೆ ಹೊತ್ತು ಒಳಗೆ ಒಯ್ಯುವುದು ಎಂದು ಒಪ್ಪಂದ ಮಾಡಿಕೊಂಡರು. ಆ ಒಂದು ಗಂಟೆ ಬೆಂಕಿ ಬೀಳುವುದಿಲ್ಲ ಎಂಬ ಭರವಸೆಯನ್ನೂ ಕೊಟ್ಟಿರಬೇಕು. ವಾರ ಕಳೆಯುವುದರೊಳಗೆ ಸೆಕ್ಯುರಿಟಿಯವನೇ ಐಸು ಹಾಕಿದ ಚಹಾ ಕುಡಿಯುತ್ತ ಅವರ ಪಕ್ಕ ನಿಂತಿದ್ದ.

ಅಮೆರಿಕ ಎಂದರೆ ನಾವು ಏನೆಂದು ತಿಳಿದಿದ್ದೆವು ಹೇಳಿ? ಎಲ್ಲ ಹೊಸತು, ಎಲ್ಲ ಬೇಗ, ಯಾರಿಗೂ ಯಾರೂ ಬೇಡ. ನಮ್ಮ ಮಗಳು ಬೆಳಿಗ್ಗೆಯಿಂದ ರಾತ್ರಿಯವರೆಗೆ ಬದುಕುವುದೇ ಆ ಅಮೆರಿಕದಲ್ಲಿ, ಫೋನಿನ ಒಳಗೆ. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಂಥ ಅಮೆರಿಕದಿಂದ ನಮ್ಮ ಪಾಲಿಗೆ ಬಂದವರು, ಕೈಬರಹದ ಕಾಗದ ಬರೆಯುವ, ಅದನ್ನು ಪೋಸ್ಟಾಫೀಸಿಗೆ ತಾವೇ ಒಯ್ಯುವ, ಹೆಂಗಸರು ಬಂದರೆ ಎದ್ದು ನಿಲ್ಲುವ ಈ ದೊರೆ. ಹೊಸಕಾಲಕ್ಕೆ ಬಿಟ್ಟ ಬಾಣ ಗುರಿ ತಪ್ಪಿ ಎಲ್ಲೋ ಹಳೇಕಾಲಕ್ಕೆ ತಾಗಿದ ಹಾಗೆ! ಕೆಲಸ ಮಾತ್ರ ವಿಮಾನದ ಎಂಜಿನ್ ರಿಪೇರಿ ಕಲಿಸುವುದು.

ಒಮ್ಮೆ ಊಟಕ್ಕೆ ಕರೆದೆವು. ನೀರುದೋಸೆ, ಕೋಳಿ ಗಸಿ. ಬಡಿಸಿ ಆದದ್ದೇ ನಮ್ಮವರು ಎಂದಿನ ಹಾಗೆ ಒಂದು ದೊಡ್ಡ ತುಂಡು ಬಾಯಿಗೆ ಹಾಕಿದರು. ಅಷ್ಟರಲ್ಲಿ ದೊರೆ ಕೈ ಜೋಡಿಸಿ ಕಣ್ಣು ಮುಚ್ಚಿ ಪ್ರಾರ್ಥನೆ ಸುರು ಮಾಡಿದರು. ಸಣ್ಣ ಪ್ರಾರ್ಥನೆಯಲ್ಲ ಮಾರಾಯ್ರೆ! ಅಡಿಗೆ ಮಾಡಿದ ಕೈಗಳಿಗೆ, ಈ ಮನೆಯ ಯಜಮಾನರಿಗೆ, ಮಗಳ ಪರೀಕ್ಷೆಗೆ, ಈ ದೇಶದ ಅರಸರಿಗೆ, ದೂರ ಇರುವವರಿಗೆ, ತೀರಿಹೋದವರಿಗೆ. ಒಳಗೆ ಇಳಿಸುವ ಹಾಗಿಲ್ಲ, ಹೊರಗೆ ಹಾಕುವ ಹಾಗಿಲ್ಲ, ನಮ್ಮವರು ಎರಡು ಕೆನ್ನೆ ಉಬ್ಬಿಸಿಕೊಂಡು ಕೂತರು. "ಪಪ್ಪಾ, ಜಸ್ಟ್ ಸ್ವಾಲೋ!" ಎಂದು ಮಗಳು ಪಿಸುಗುಟ್ಟಿದಳು. ಆಮೆನ್ ಬರುವಾಗ ಗಸಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ದೊರೆ ಅದನ್ನು ನೋಡಿ, ತಮ್ಮ ಪ್ರಾರ್ಥನೆ ಒಬ್ಬ ಮನುಷ್ಯನನ್ನು ಇಷ್ಟು ಕರಗಿಸಿತಲ್ಲ ಎಂದು ನಮ್ಮವರ ಭುಜ ತಟ್ಟಿದರು.

ಅವರ ಮನೆಗೆ ಮೊದಲ ಸಲ ಹೋದಾಗ ಗೋಡೆಯ ಮೇಲೆ ನಾಲ್ಕು ಫೋಟೋ ಕಂಡೆ. ನಾಲ್ವರೂ ಸೈನ್ಯದ ಸಮವಸ್ತ್ರದಲ್ಲಿ. ಅದೇ ಮೂಗು, ಅದೇ ಕಿವಿ, ಒಂದೇ ಮುಖವನ್ನು ನಾಲ್ಕು ಸಲ ತೆಗೆದ ಹಾಗಿತ್ತು. "ಇದು ಅಜ್ಜ, ಇದು ಅಪ್ಪ, ಇದು ನಾನು" ಎಂದರು ದೊರೆ. "ನಾನು ಬಂದದ್ದು ಇಲ್ಲಿಂದ ಸ್ವಲ್ಪ ಮೇಲಿನ ಮರುಭೂಮಿಗೆ, ಕೊಲ್ಲಿಯ ಮೊದಲನೇ ಯುದ್ಧಕ್ಕೆ. ಇವನು ನನ್ನ ಮಗ, ಹೋದದ್ದೂ ಅದೇ ಮರಳಿಗೆ, ಎರಡನೇ ಯುದ್ಧಕ್ಕೆ." ನಾಲ್ಕನೆಯ ಫೋಟೋದಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ನಗು ತಡೆದುಕೊಂಡು ನಿಂತಿದ್ದ. ಅವನು ಮರಳಿ ಬಂದದ್ದು ಬಾವುಟ ಹೊದೆಸಿದ ಪೆಟ್ಟಿಗೆಯಲ್ಲಿ.

"ಆಮೇಲೆ ಊರಲ್ಲಿ ಇರಲಾಗಲಿಲ್ಲ, ಮ್ಯಾಮ್" ಅಂದರು. "ಹಾಲು ತರಲು ಅಂಗಡಿಗೆ ಹೋದರೆ ಜನ ಕೈ ಹಿಡಿದು ಥ್ಯಾಂಕ್ಯೂ ಅನ್ನುತ್ತಾರೆ. ಒಳ್ಳೆಯ ಜನ. ಆದರೆ ಮಗ ಸತ್ತದ್ದಕ್ಕೆ ಥ್ಯಾಂಕ್ಯೂ ಹೇಳಿಸಿಕೊಂಡು ಹಾಲು ಕೊಳ್ಳುವುದು ಹೇಗೆ?" ತಮಾಷೆ ಮಾಡಲೆಂದೇ ಹುಟ್ಟಿದ ನನ್ನ ಬಾಯಿ ಅಂದು ಅವರು ಕೊಟ್ಟ ಐಸಿನ ಚಹಾವನ್ನು ಪೂರ್ತಿ ಕುಡಿಯಿತು.

ಅವರಿಗೆ ಒಬ್ಬಳು ಮಗಳೂ ಇದ್ದಾಳೆ, ಸತ್ತ ಹುಡುಗನಿಗಿಂತ ಎರಡು ವರ್ಷ ಸಣ್ಣವಳು. ತಾಯಿ ಇಲ್ಲದ ಆ ಇಬ್ಬರನ್ನು ದೊರೆಯೇ ಬೆಳೆಸಿದ್ದು. ಅವಳು ಈಗ ಸಮುದ್ರದ ಬದಿಯ ದೊಡ್ಡ ಪಟ್ಟಣದಲ್ಲಿದ್ದಾಳೆ. ಚರ್ಚು ಬಿಟ್ಟಿದ್ದಾಳೆ, ಊರು ಬಿಟ್ಟಿದ್ದಾಳೆ. ಊರಿನ ಮನೆಯಲ್ಲೂ ಇಂಥದೇ ಫೋಟೋ ಗೋಡೆ; ಅದು ಇಲ್ಲದಿದ್ದರೆ ಅಣ್ಣ ಹೋಗುತ್ತಲೇ ಇರಲಿಲ್ಲ ಎಂಬುದು ಅವಳ ಮಾತು. ಅವನು ಹುಟ್ಟಿದಾಗಿನಿಂದ ಆ ಗೋಡೆಯಲ್ಲಿ ಒಂದು ಮೊಳೆ ಖಾಲಿ ಇತ್ತಂತೆ. "ಆ ಮೊಳೆ ಹೊಡೆದದ್ದು ನಾನೇ" ಎಂದರು ದೊರೆ. "ಯುದ್ಧ ಮುಗಿದ ಮೇಲೆ ನಮ್ಮಲ್ಲಿ ಹೀಗಾಗಿದೆ ಮ್ಯಾಮ್. ಒಂದೇ ಮನೆಯವರು ಎರಡು ದೇಶದವರಾಗಿದ್ದೇವೆ. ಒಬ್ಬರಿಗೆ ಹಳೆಯದು ಏನೂ ಬೇಡ, ಇನ್ನೊಬ್ಬರಿಗೆ ಹೊಸದು ಏನೂ ಬೇಡ."

ಆ ಮಗಳಿಗೆ ಅಕ್ಟೋಬರಿನಲ್ಲಿ ಮದುವೆ. ಸಮುದ್ರ ತೀರದಲ್ಲಿ, ಪಾದ್ರಿ ಇಲ್ಲದೆ, ಬಾವುಟ ಇಲ್ಲದೆ. ಆಮಂತ್ರಣ ಬಂದದ್ದು ಫೋನಿಗೆ, ಒಂದು ಲಿಂಕ್! "ತಂದೆಗೆ ಲಿಂಕ್ ಕಳಿಸುವುದಾ?" ಎಂದು ದೊರೆ ನನ್ನನ್ನು ಕೇಳಿದರು. ಏನು ಹೇಳಲಿ? ಆ ವಾರವಷ್ಟೇ ನಮಗೆ ಊರಿಂದ ವಾಟ್ಸಾಪಿನಲ್ಲಿ ಮೂರು ಮದುವೆ ಕಾಗದ ಬಂದಿದ್ದವು. ಒಂದರಲ್ಲಂತೂ ಗಣಪತಿ ಸೊಂಡಿಲಿನಿಂದಲೇ ಅಕ್ಷತೆ ಎರಚುತ್ತಿದ್ದ. ಲಿಂಕ್ ಒತ್ತಿದರೆ ಎರಡು ಬಟನ್, ಬರುತ್ತೇನೆ, ಬರುವುದಿಲ್ಲ. ಜೂನ್ ಮುಗಿಯುವುದರೊಳಗೆ ಒತ್ತಬೇಕು. ದೊರೆ ಏನು ಮಾಡಿದರು ಗೊತ್ತಾ? ಆಫೀಸಿನಲ್ಲಿ ಆ ಪುಟವನ್ನು ಪ್ರಿಂಟ್ ತೆಗೆಸಿ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಕಾಗದದ ಮೇಲಿನ ಬಟನನ್ನು ಒತ್ತುವುದು ಹೇಗೆ! ಅದು ಅವರಿಗೂ ಗೊತ್ತಿತ್ತು. ಅದಕ್ಕೇ ಪ್ರಿಂಟ್ ತೆಗೆಸಿದ್ದು.

ನಿಜವಾದ ಜಗಳ ಚರ್ಚಿನದ್ದೂ ಅಲ್ಲ, ಪಾದ್ರಿಯದ್ದೂ ಅಲ್ಲ. ಒಂದು ಕುರ್ಚಿಯದ್ದು. ಯುದ್ಧದಲ್ಲಿ ಹೋದವರಿಗಾಗಿ ಒಂದು ಸಣ್ಣ ಮೇಜು, ಒಂದು ಖಾಲಿ ಕುರ್ಚಿ ಇಡುವುದು ಅಲ್ಲಿ ಸೈನ್ಯದವರ ಪದ್ಧತಿ. ತಂಗಿಯ ಮದುವೆಯಲ್ಲಿ ಅಣ್ಣನ ಕುರ್ಚಿ ಇರಬೇಕು ಎಂದು ದೊರೆ. ಆ ಮೇಜನ್ನು ನೋಡುತ್ತ ನಾನು ಕೇಕ್ ಕತ್ತರಿಸುವುದಿಲ್ಲ ಎಂದು ಮಗಳು. "ಅವನಿಗೆ ಜಾಗ ಇಲ್ಲದ ಕಡೆ ನನಗೂ ಇಲ್ಲ" ಎಂದು ಇವರು ಫೋನ್ ಇಟ್ಟವರು ಮತ್ತೆ ಎತ್ತಿರಲಿಲ್ಲ. ಅವಳೂ ಮಾಡಿರಲಿಲ್ಲ. ನಾಲ್ಕು ತಿಂಗಳಾಗಿತ್ತು.

ಅಷ್ಟರಲ್ಲಿ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ನನ್ನ ಅತ್ತೆ ಕಾಪುವಿನಿಂದ ಬಂದಿಳಿದರು. ಜೊತೆಗೆ ಹದಿನಾಲ್ಕು ಕಿಲೋ ಕುಚ್ಚಲಕ್ಕಿ, ಒಣಮೀನು, ಸೊಸೆಯ ಮನೆಯಲ್ಲಿ ಏನೇನು ಸರಿ ಇಲ್ಲ ಎಂಬ ದೊಡ್ಡ ಪಟ್ಟಿ. ಮೊದಲ ಸಂಜೆಯೇ ಕಾರಿಡಾರಿನಲ್ಲಿ ದೊರೆ ಎದ್ದು ನಿಂತು ಟೋಪಿ ತೆಗೆದರು.

"ಎಷ್ಟು ಮರ್ಯಾದಿಯ ಜನ ಮಾರಾಯ್ತಿ!" ಎಂದರು ಅತ್ತೆ. "ನಿನ್ನ ಗಂಡ ನಾನು ಬಂದಾಗ ಸೋಫಾದಿಂದ ಕಾಲು ಇಳಿಸುವುದೂ ಇಲ್ಲ."

ಮರುದಿನದಿಂದ ಅತ್ತೆಯ ಪ್ಲಾಸ್ಟಿಕ್ ಸ್ಟೂಲು ತೂಗುಕುರ್ಚಿಯ ಪಕ್ಕಕ್ಕೆ ಹೋಯಿತು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ದೊರೆಗೆ ತುಳು ಬರುವುದಿಲ್ಲ. ಅದರಿಂದ ಇಬ್ಬರ ಮಾತಿಗೂ ಏನೂ ತೊಂದರೆ ಆಗಲಿಲ್ಲ. ಅತ್ತೆ ಅಲಸಂಡೆ ಮುರಿಯುತ್ತ ತನ್ನ ಮಂಡಿನೋವು ಹೇಳುವುದು, ದೊರೆ ಬಹಳ ಗಂಭೀರವಾಗಿ "ಯೆಸ್ ಮ್ಯಾಮ್" ಅನ್ನುವುದು. ಒಂದು ದಿನ ಅವರ ಕೈಯಲ್ಲೂ ಅಲಸಂಡೆ ಇತ್ತು. ಒಂದೇ ಅಳತೆಗೆ ಮುರಿಯುತ್ತಿದ್ದರು, ಸೈನ್ಯದ ಶಿಸ್ತಿನಲ್ಲಿ!

ಮೇ ತಿಂಗಳಲ್ಲಿ ನನ್ನ ಮಾವ ತೀರಿಕೊಂಡ ದಿನ ಬಂತು. ಸತ್ತವರ ದಿನ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕಡೆಯ ಕ್ರಮ. ಅಗೆಲು ಬಡಿಸುವುದು ಎನ್ನುತ್ತೇವೆ. ನಾವಿದ್ದರೆ ಅವರು ನಾಚಿಕೊಂಡು ಉಣ್ಣುವುದಿಲ್ಲವಂತೆ. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ, ಬಾಗಿಲು ಬಡಿದು ಒಳಗೆ ಹೋಗಬೇಕು. ಬಡಿಸಿದ್ದನ್ನು ಚೆಲ್ಲಬಾರದು, ಮನೆಯವರೇ ಹಂಚಿ ಉಣ್ಣಬೇಕು.

"ಇಲ್ಲಿಯೇ ಬಡಿಸುವ" ಎಂದರು ಅತ್ತೆ.

"ಊರಲ್ಲಿ ತಮ್ಮ ಬಡಿಸುತ್ತಾನಲ್ಲ ಅಮ್ಮ, ಫ್ಲಾಟಿನಲ್ಲಿ ಎಂತಕ್ಕೆ?" ಎಂದರು ನಮ್ಮವರು. "ಧೂಪ ಹಾಕಿದರೆ ಸ್ಮೋಕ್ ಅಲಾರಂ ಬಡಿದು ಇಡೀ ಟವರು ಕೆಳಗೆ ಇಳಿಯುತ್ತದೆ."

"ಮಗ ದುಡಿಯುವ ಊರಿನ ಮನೆ ಅವರು ನೋಡಲೇ ಇಲ್ಲ" ಎಂದರು ಅತ್ತೆ.

ಆಗ ನಾನು ಬಾಯಿ ಬಿಟ್ಟೆ. ನನ್ನ ಬಾಯಿಗೆ ಬೆಂಕಿ ಹಾಕ! "ಅಲ್ಲ ಅತ್ತೆ, ಇದು ಇಪ್ಪತ್ತಮೂರನೇ ಮಹಡಿ. ಮಾವನಿಗೆ ಲಿಫ್ಟಿನ ಬಟನ್ ಒತ್ತಲು ಗೊತ್ತುಂಟಾ?"

ನಮ್ಮವರು ನಕ್ಕರು, ಮಗಳೂ ನಕ್ಕಳು. ಅತ್ತೆ ನಗಲಿಲ್ಲ. ಪಟ್ಟಿಯಲ್ಲಿ ಇನ್ನೊಂದು ಸೇರಿಸಿ ಬೈಯುತ್ತಾರೆ ಎಂದುಕೊಂಡೆ, ಬೈಯಲೂ ಇಲ್ಲ. "ಹೌದು, ಅವರಿಗೆ ಗೊತ್ತಿಲ್ಲ" ಎಂದು ಹೇಳಿ ಎದ್ದು ಒಳಗೆ ಹೋದರು. ಅಂದು ಎಲೆ ಹಾಕಲಿಲ್ಲ, ಮಧ್ಯಾಹ್ನ ಅವರು ಊಟ ಮಾಡಲೂ ಇಲ್ಲ. ಆ ಮಾತನ್ನು ವಾಪಸು ನುಂಗಲು ಸಾಧ್ಯವಿದ್ದರೆ ಗಸಿಯ ಖಾರಕ್ಕಿಂತ ಹತ್ತು ಪಟ್ಟು ಖಾರವಾದರೂ ನುಂಗುತ್ತಿದ್ದೆ.

ಅದೇ ತಿಂಗಳ ಕೊನೆಗೆ ದೊರೆ ನಮ್ಮನ್ನು ಊಟಕ್ಕೆ ಕರೆದರು. ಯುದ್ಧದಲ್ಲಿ ಹೋದವರನ್ನು ಅವರ ದೇಶದಲ್ಲಿ ನೆನೆಯುವ ದಿನ ಆಗಲೇ ಬರುವುದು. ಇಲ್ಲಿ ರಜೆ ಶುಕ್ರವಾರವಾದ್ದರಿಂದ ಶುಕ್ರವಾರ ಮಧ್ಯಾಹ್ನ ಇಟ್ಟುಕೊಂಡಿದ್ದರು. ಬಿಳಿಯರ ಅಡಿಗೆಯ ಮೇಲೆ ನಂಬಿಕೆ ಇಲ್ಲದ ಅತ್ತೆ ಒಂದು ಡಬ್ಬಿ ಕುಚ್ಚಲಕ್ಕಿ ಅನ್ನ, ಒಂದು ಡಬ್ಬಿ ಕೋಳಿ ಸಾರು ಹಿಡಿದುಕೊಂಡೇ ಹೊರಟರು.

ಅವರ ಮನೆಯಲ್ಲಿ ಊಟದ ಮೇಜಿನ ಪಕ್ಕದಲ್ಲಿ ಇನ್ನೊಂದು ಸಣ್ಣ ದುಂಡು ಮೇಜು. ಬಿಳಿ ಬಟ್ಟೆ, ಒಂದು ಕೆಂಪು ಗುಲಾಬಿ, ಒಂದು ಖಾಲಿ ಕುರ್ಚಿ. ತಟ್ಟೆಯಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹೋಳು ಲಿಂಬೆ. ಗ್ಲಾಸು ಕವುಚಿ ಇಟ್ಟಿತ್ತು. ದೊರೆ ಒಂದೊಂದನ್ನೇ ತೋರಿಸಿ ಹೇಳಿದರು. ಉಪ್ಪು ಮನೆಯವರ ಕಣ್ಣೀರಿಗೆ. ಲಿಂಬೆ ಅವನ ಪಾಲಿಗೆ ಬಂದ ಕಹಿಗೆ. ಗ್ಲಾಸು ಕವುಚಿದ್ದು ಅವನು ನಮ್ಮ ಜೊತೆ ಕುಡಿಯಲಾರ ಎಂದು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

"ಇದು ಯಾರಿಗೆ ಮಗಾ?" ಎಂದು ಅತ್ತೆ ನನ್ನನ್ನು ಕೇಳಿದರು.

ಅದನ್ನೆಲ್ಲ ತುಳುವಿನಲ್ಲಿ ಬಿಡಿಸಿ ಹೇಳಲು ನನಗೆ ಸೋಮಾರಿತನ. "ಅವರ ಮಗನಿಗೆ ಅತ್ತೆ, ಯುದ್ಧದಲ್ಲಿ ಹೋದನಲ್ಲ, ಅವನಿಗೆ" ಎಂದೆ, ಅಷ್ಟೆ. ಮುಂದೆ ಆದದ್ದಕ್ಕೆಲ್ಲ ನಾನೇ ಹೊಣೆ.

ಎಲ್ಲರೂ ಕೂತೆವು. ದೊರೆ ಕಣ್ಣು ಮುಚ್ಚಿ ಪ್ರಾರ್ಥನೆ ಸುರು ಮಾಡಿದರು. ಅವರ ಪ್ರಾರ್ಥನೆಯ ಉದ್ದ ನಿಮಗೆ ಗೊತ್ತೇ ಉಂಟಲ್ಲ! ಈ ಸಲ ನಮ್ಮವರು ಬಾಯಿ ಖಾಲಿ ಇಟ್ಟುಕೊಂಡು ಜಾಣರಾಗಿ ಕಣ್ಣು ಮುಚ್ಚಿದರು, ನಾನೂ ಮುಚ್ಚಿದೆ. ನಡುವೆ ಏನೋ ಸೌಟಿನ ಸದ್ದು. ಕಣ್ಣು ತೆರೆದು ನೋಡಿದರೆ ಜೀವ ಹಾರಿತು.

ನಮ್ಮಲ್ಲಿ ಎಲೆಗೆ ಮೊದಲು ಬೀಳುವುದು ಏನು? ಉಪ್ಪು, ಆಮೇಲೆ ಉಪ್ಪಿನಕಾಯಿ, ಇಲ್ಲದಿದ್ದರೆ ಒಂದು ಹೋಳು ಲಿಂಬೆ. ಉಪ್ಪು ಲಿಂಬೆ ಬಿದ್ದ ಎಲೆ ಎಂದರೆ ಬಡಿಸಲು ಸುರು ಆಗಿದೆ ಎಂದು ಅರ್ಥ. ಬಡಿಸಲು ಸುರು ಮಾಡಿ ಉಳಿದದ್ದನ್ನು ಮರೆತಿದ್ದಾರೆ ಎಂದು ತಿಳಿದ ಅತ್ತೆ ಎದ್ದು ಉಳಿದ ಕೆಲಸ ಮುಗಿಸುತ್ತಿದ್ದರು! ಕುಚ್ಚಲಕ್ಕಿ ಅನ್ನ ಬಿತ್ತು, ಕೋಳಿ ಸಾರು ಬಿತ್ತು. ದೊರೆಯ ಪಾತ್ರೆಯಿಂದ ಕಲಸಿದ ಆಲೂಗಡ್ಡೆ, ಬೇಯಿಸಿದ ಜೋಳ, ಕರಿದ ಕೋಳಿಯ ಎರಡು ಕಾಲು. ಕವುಚಿದ ಗ್ಲಾಸನ್ನು ಮಗುಚಿ ನೀರು ತುಂಬಿಸಿದರು. ನಾನು ಕೈಸನ್ನೆ ಮಾಡಿದೆ, ಕಣ್ಣು ಬಿಟ್ಟೆ, ಏನೂ ಪ್ರಯೋಜನವಾಗಲಿಲ್ಲ. ದೊರೆ ಆಮೆನ್ ಹೇಳಿ ಕಣ್ಣು ತೆರೆದಾಗ ತಟ್ಟೆ ತುಂಬಿತ್ತು.

ದೊರೆಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ನಾನು ಎದ್ದು, "ಸಾರಿ ಸರ್, ಅವರಿಗೆ ಗೊತ್ತಿಲ್ಲ, ನಮ್ಮಲ್ಲಿ ಹೀಗೆ" ಎಂದು ತೊದಲಿದೆ.

"ಅವರು ಏನು ಹೇಳುತ್ತಿದ್ದಾರೆ?" ಎಂದು ದೊರೆ ಕೇಳಿದರು. ಅತ್ತೆ ಗೊಣಗುತ್ತಿದ್ದರು, ನಿಜ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. "ಎಷ್ಟು ವರ್ಷದಿಂದ ಈ ಹುಡುಗನನ್ನು ಬರೇ ಉಪ್ಪು ಲಿಂಬೆ ಕೊಟ್ಟು ಕೂರಿಸಿದ್ದೀರಿ? ಹಸಿವಾಗಿರುವುದಿಲ್ಲವಾ ಅಂತ ಕೇಳ್ತಿದ್ದಾರೆ."

ದೊರೆ ಎದ್ದು ಬಂದು ತಟ್ಟೆಯನ್ನು ಬಗ್ಗಿ ನೋಡಿದರು. "ಎರಡು ಕಾಲೂ ಅವನಿಗೇ ಬೇಕು ಎಂದು ಇವರಿಗೆ ಯಾರು ಹೇಳಿದರು?" ಎಂದರು. "ತನ್ನದು ತಿಂದು ಮುಗಿಸಿ ತಂಗಿಯ ತಟ್ಟೆಗೆ ಕೈ ಹಾಕುತ್ತಿದ್ದ. ದಿನಾ ಜಗಳ."

"ಹುಡುಗರಿಗೆ ಕಾಲೇ ಅಲ್ವಾ ಬೇಕಾದ್ದು" ಎಂದರು, ನಾನು ತುಳುವಿನಲ್ಲಿ ಹೇಳಿದ್ದನ್ನು ಕೇಳಿದ ಅತ್ತೆ, ಅದಕ್ಕೆಲ್ಲ ಯಾರಾದರೂ ಹೇಳಬೇಕೇ ಎಂಬಂತೆ. "ಈಗ ಎಲ್ಲರೂ ಹೊರಗೆ ನಡೀರಿ. ಅವನು ಉಣ್ಣಲಿ."

ಐದು ಜನರೂ ಕಾರಿಡಾರಿಗೆ ಬಂದು ನಿಂತೆವು. ಬಾಗಿಲು ಹಾಕಿದೆವು. ಸೈನ್ಯದ ಮನುಷ್ಯ ಒಂದು ಮಾತು ಎದುರಾಡದೆ ನಮ್ಮತ್ತೆಯ ಅಪ್ಪಣೆ ಪಾಲಿಸಿದ್ದರು. ಲಿಫ್ಟಿನಿಂದ ಇಳಿದ ಸೆಕ್ಯುರಿಟಿಯವನು ನಮ್ಮನ್ನು ಕಂಡು, "ಏನಾಯ್ತು, ಬೆಂಕಿಯಾ?" ಎಂದು ಓಡಿ ಬಂದ. "ಅಲ್ಲ, ಒಳಗೆ ಊಟ ನಡೀತಾ ಉಂಟು" ಎಂದರು ನಮ್ಮವರು. ಅವನು ನಮ್ಮ ಮುಖ ನೋಡಿದ, ಮುಚ್ಚಿದ ಬಾಗಿಲು ನೋಡಿದ, ಮರಳಿ ಲಿಫ್ಟು ಹತ್ತಿದ.

ಅಲ್ಲಿ ನಿಂತೇ ಅತ್ತೆ ಮದುವೆಯ ವಿಷಯ ಎತ್ತಿದರು. ಫ್ರಿಜ್ಜಿನ ಕಾಗದದ ಕತೆ ನಾನು ಮನೆಯಲ್ಲಿ ಹೇಳಿ ನಗಾಡಿದ್ದೆನಲ್ಲ, ಅವರು ಅದನ್ನು ಮರೆತಿರಲಿಲ್ಲ. ಅವರು ಹೇಳಿದರು, ನಾನು ಇಂಗ್ಲಿಷ್ ಮಾಡಿದೆ.

"ಹುಡುಗಿ ಹೇಳಿದ್ದರಲ್ಲಿ ತಪ್ಪೆಂತ? ತನ್ನ ಮದುವೆಗೆ ಬಂದ ಅಣ್ಣ ಉಪ್ಪು ಲಿಂಬೆ ಮುಂದಿಟ್ಟುಕೊಂಡು ಕೂತರೆ ಯಾವ ತಂಗಿಗೆ ತುತ್ತು ಇಳಿಯುತ್ತದೆ? ನಮ್ಮಲ್ಲಿ ಮದುವೆಗೆ ಮೊದಲು, ತೀರಿಹೋದವರಿಗೆ ಬಡಿಸಿ ಕರೆಯುತ್ತೇವೆ. ಅವರು ಬಂದು ಹೊಟ್ಟೆ ತುಂಬ ಉಂಡು ಹೋಗಬೇಕು. ಅಳಲಿಕ್ಕೆ ಕರೆಯುವುದಲ್ಲ. ಇವರು ಹೋಗುವುದಿಲ್ಲ ಅಂದರೆ ಆ ಹುಡುಗ ಯಾರ ಜೊತೆ ಹೋಗಬೇಕು? ಅವನೊಬ್ಬನಿಗೇ ದಾರಿ ಗೊತ್ತುಂಟಾ?"

ಕೊನೆಯ ಮಾತು ಹೇಳುವಾಗ ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡದಿದ್ದರೂ ಅದು ತಾಗಬೇಕಾದಲ್ಲಿ ತಾಗಿತು. ನಾನು ಇಂಗ್ಲಿಷ್ ಮಾಡುವುದನ್ನು ಅರ್ಧಕ್ಕೇ ಬಿಟ್ಟೆ. ಉಳಿದ ಅರ್ಧವನ್ನು ಮಗಳು ಮಾಡಿದಳು. ಅವಳಿಗೆ ತುಳು ಇಷ್ಟು ಅರ್ಥವಾಗುತ್ತದೆ ಎಂದು ನನಗೆ ಗೊತ್ತಾದದ್ದೇ ಅಂದು!

ಅತ್ತೆ ಕೆಮ್ಮಿ, ಬಾಗಿಲಿಗೆ ಮೂರು ಸಲ ಬಡಿದು ಒಳಗೆ ಹೋದರು. ತಟ್ಟೆ ಎತ್ತಿ ದೊರೆಯ ಕೈಗೆ ಕೊಟ್ಟು, "ಚೆಲ್ಲಬಾರದು" ಎಂದರು. ದೊರೆ ನಿಂತುಕೊಂಡೇ ಒಂದು ಕಾಲು ತಿಂದರು. ತಿನ್ನುತ್ತ ತಿನ್ನುತ್ತ ಅತ್ತರು. ಅಷ್ಟು ದೊಡ್ಡ ಗಂಡಸು ಹಾಗೆ ಸದ್ದು ಮಾಡಿ ಅಳುವುದನ್ನು ನಾನು ನೋಡಿರಲಿಲ್ಲ. ಅತ್ತೆ ಅವರ ಬೆನ್ನು ಸವರಿ, "ಖಾರ ಜಾಸ್ತಿ ಆಯ್ತಾ?" ಎಂದು ಕೇಳಿದರು. ಕೇಳಿದವರ ಕಣ್ಣಲ್ಲೂ ನೀರಿತ್ತು.

ಆ ಸಂಜೆ ದೊರೆ ಫೋನಿನಲ್ಲಿ ಲಿಂಕ್ ತೆರೆದರು. ಬರುತ್ತೇನೆ ಎಂಬುದನ್ನು ಒತ್ತಿದರು. ಎಷ್ಟು ಜನ ಎಂದು ಕೇಳಿತು. ಎರಡು ಎಂದು ಒತ್ತಿದರು. ಊಟಕ್ಕೆ ಏನು ಎಂದು ಕೇಳಿತು. ಇಬ್ಬರಿಗೂ ಕೋಳಿ. ಇದನ್ನು ಅವರೇ ಮರುದಿನ ನಮಗೆ ಹೇಳಿದ್ದು. ಒತ್ತಿ ಹತ್ತು ನಿಮಿಷವಾಗಿರಲಿಲ್ಲವಂತೆ, ಫೋನ್ ಬಡಿದುಕೊಂಡಿತು. ಐದು ತಿಂಗಳ ಮೇಲೆ ಮಗಳ ದನಿ. "ಡ್ಯಾಡ್, ಇನ್ನೊಬ್ಬರು ಯಾರು?" ಎಂದು ಕೇಳಿದಳಂತೆ. ಇವರು ಹೇಳುವ ಮೊದಲೇ, ಅದು ಅಣ್ಣ ಎಂದು ಅವಳಿಗೆ ಗೊತ್ತಾಯಿತಂತೆ. ಅವಳೇ "ಓಕೆ. ಉಪ್ಪು ಲಿಂಬೆ ಬೇಡ. ಊಟ ಇರಲಿ" ಅಂದಳಂತೆ.

ಅಕ್ಟೋಬರಿನಲ್ಲಿ ದೊರೆ ಹೋಗಿ ಬಂದರು. ತಂದ ಫೋಟೋದಲ್ಲಿ ಸಮುದ್ರ, ಗಾಳಿಗೆ ಹಾರುವ ಬಿಳಿ ಸೆರಗಿನಂಥದ್ದು, ಉದ್ದ ಮೇಜು. ಮದುಮಗಳ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ, ಅದರ ಮುಂದೆ ತುಂಬಿದ ತಟ್ಟೆ. ಮದುಮಗಳು ಆ ತಟ್ಟೆಗೆ ಕೈ ಹಾಕಿ ಕೋಳಿಯ ಕಾಲು ಎತ್ತುತ್ತಿದ್ದಾಳೆ. ಮೂಗು ಕೆಂಪಾಗಿದೆ, ನಗುತ್ತಿದ್ದಾಳೆ. "ಇಷ್ಟು ವರ್ಷ ಅವನು ನನ್ನದು ತಿಂದ, ಇವತ್ತು ನನ್ನ ಸರದಿ ಅಂದಳು" ಎಂದರು ದೊರೆ.

ಅತ್ತೆ ಆಗ ಊರಿಗೆ ಮರಳಿದ್ದರು. ಇಲ್ಲಿಂದ ವಾಟ್ಸಾಪಿನಲ್ಲಿ ಫೋಟೋ ಹೋಗುತ್ತದೆ, ಕರೆ ಹೋಗುವುದಿಲ್ಲ. ಫೋಟೋ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅತ್ತೆಯ ದನಿಯ ಮೆಸೇಜು ಬಂತು. "ಚಂದ ಉಂಟು. ಹುಡುಗ ಉಂಡ ಅಂತ ಅವರಿಗೆ ಹೇಳು. ಮೀನು ಮಾಡಿಸಬಹುದಿತ್ತು, ಸಮುದ್ರ ಅಲ್ಲೇ ಉಂಟಲ್ಲ!" ಅಷ್ಟೇ. ಮಾವನ ವಿಷಯ ಅವರು ಎತ್ತಲಿಲ್ಲ. ಮಂಡಿನೋವು ಜಾಸ್ತಿಯಾಗಿ ಅವರು ಇನ್ನು ವಿಮಾನ ಹತ್ತುವ ಹಾಗಿಲ್ಲ ಎಂದು ಮೈದುನ ಹೇಳಿದ್ದ.

ಮುಂದಿನ ಮೇ ತಿಂಗಳಲ್ಲಿ ಮಾವನ ದಿನ ಬಂತು. ಸೂಪರ್‌ಮಾರ್ಕೆಟ್ಟಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಾಳೆಎಲೆ ತಂದೆ. ಮಾವನಿಗೆ ಇಷ್ಟವಾದ ಬಂಗುಡೆ ಮೀನಿನ ಹುಳಿ ಖಾರದ ಪುಳಿಮುಂಚಿ ಮಾಡಿದೆ, ಅತ್ತೆಯನ್ನು ವಾಟ್ಸಾಪಿನಲ್ಲಿ ಕೇಳಿ ಕೇಳಿ ಮಾಡಿದೆ. ಧೂಪ ಬೇಡ, ಒಂದು ಸಣ್ಣ ದೀಪ ಸಾಕು ಎಂದು ಅವರೇ ಹೇಳಿದರು. ಬೆಳಿಗ್ಗೆ ಕಾರಿಡಾರಿನಲ್ಲಿ ಸಿಕ್ಕಿದ ದೊರೆಗೆ ವಿಷಯ ಹೇಳಿದ್ದೆ. ಸಂಜೆ ಆರು ಗಂಟೆಗೆ ಎಲೆಗೆ ಉಪ್ಪು, ಲಿಂಬೆ, ಆಮೇಲೆ ಉಳಿದದ್ದೆಲ್ಲ ಬಡಿಸಿ, ನಮ್ಮವರನ್ನೂ ಮಗಳನ್ನೂ ಹೊರಗೆ ನಿಲ್ಲಿಸಿ ನಾನು ಕೆಳಗೆ ಹೋದೆ.

ಲಾಬಿಯಲ್ಲಿ ಲಿಫ್ಟಿನ ಬಾಗಿಲನ್ನು ಕೈಯಿಂದ ಹಿಡಿದು ಸ್ವಲ್ಪ ಹೊತ್ತು ನಿಂತೆ. ಮಾವ ನಿಧಾನ ನಡೆಯುವವರು. ಆಮೇಲೆ ಒಳಗೆ ಬಂದು, ಒಂದು ಬದಿಗೆ ಸರಿದು ಜಾಗ ಬಿಟ್ಟು, "ಇದು ಒತ್ತುವುದು ಮಾವ" ಎಂದು ಇಪ್ಪತ್ತಮೂರನ್ನು ಒತ್ತಿದೆ. ಯಾರಾದರೂ ನೋಡಿದ್ದರೆ ನನ್ನ ತಲೆಯಲ್ಲೂ ಒಂದು ನಟ್ಟು ಸಡಿಲ ಎಂದುಕೊಳ್ಳುತ್ತಿದ್ದರು.

ಮೇಲೆ ಬಾಗಿಲು ತೆರೆಯಿತು. ತೂಗುಕುರ್ಚಿಯಿಂದ ದೊರೆ ಎದ್ದು ನೆಟ್ಟಗೆ ನಿಂತರು, ಟೋಪಿ ತೆಗೆದು ಎದೆಗೆ ಹಿಡಿದರು. "ಗುಡ್ ಈವ್ನಿಂಗ್, ಮ್ಯಾಮ್" ಅಂದರು. ಆಮೇಲೆ ನನ್ನ ಪಕ್ಕಕ್ಕೆ ತಿರುಗಿ, ತಲೆ ಬಾಗಿಸಿ, "ಗುಡ್ ಈವ್ನಿಂಗ್, ಸರ್" ಅಂದರು.

ನಾನು ಕಣ್ಣು ಒರೆಸಿಕೊಂಡು ನಮ್ಮ ಮನೆಯ ಬಾಗಿಲು ತೆರೆದು ಹಿಡಿದೆ. "ಬನ್ನಿ ಮಾವ" ಎಂದೆ.